ಎರಡು ಸಲ ಹಾಕಿದ ನೆಲ

ನನ್ನ ಗಂಡ ಜಾರಿ ಬಿದ್ದದ್ದು ತಮ್ಮದೇ ಗ್ಯಾರೇಜಿನ ನೆಲದ ಮೇಲೆ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಬೈಲಹೊಂಗಲದಿಂದ ಬೆಳಗಾವಿಗೆ ಹೋಗುವ ರಸ್ತೆಯ ಬದಿಗೆ ನಮ್ಮ ಗ್ಯಾರೇಜು, ಅದರ ಬೆನ್ನಿಗೆ ಮನೆ. ಅವತ್ತು ಒಂದು ಜೀಪಿನ ಗಿಯರ್ ಬಾಕ್ಸ್ ಇಳಿಸಿ ಎದೆಗೆ ಆನಿಸಿಕೊಂಡು ಹಿಂದಕ್ಕೆ ಸರಿಯುತ್ತಿದ್ದರಂತೆ. ಕಾಲ ಕೆಳಗೆ ಎಣ್ಣೆ. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಸದ್ದು ಕೇಳಿ ಹಿಟ್ಟಿನ ಕೈಯಲ್ಲೇ ಓಡಿ ಬಂದಾಗ ಅವರು ಅಂಗಾತ ಬಿದ್ದಿದ್ದರು, ಗಿಯರ್ ಬಾಕ್ಸ್ ತೊಡೆಯ ಮೇಲಿತ್ತು. ಅವರು ಕೂಗಲಿಲ್ಲ. ನನ್ನ ಕಡೆ ನೋಡಿ, "ಗಿಯರ್ ಬಾಕ್ಸಿಗೆ ಏನರೆ ಆಗೇತೇನು ನೋಡು" ಎಂದರು.

ತೊಡೆಯ ಎಲುಬು ಮುರಿದಿತ್ತು. ಬೆಳಗಾವಿಯ ದವಾಖಾನೆಯಲ್ಲಿ ರಾಡು ಹಾಕಿದರು. ಎಲುಬು ಕೂಡಿತು, ಕಾಲು ಮಾತ್ರ ಮೊದಲಿನ ಹಾಗೆ ಆಗಲಿಲ್ಲ. ಕೋಲು ಹಿಡಿದು ನಡೆಯಬೇಕಾಯಿತು.

ಅವರು ಹಾಸಿಗೆಯಲ್ಲಿ ಇರುವಾಗಲೇ ಭಾವ, ಅಂದರೆ ನನ್ನ ಗಂಡನ ಅಣ್ಣ, ಬಂದು ಕುರ್ಚಿ ಎಳೆದುಕೊಂಡು ಕುಳಿತರು. ಅವರದು ಮಾರ್ಕೆಟ್ಟಿನಲ್ಲಿ ಹತ್ತಿಯ ದಲಾಲಿ ಮಾಡುವ ಅಡತಿ ಅಂಗಡಿ. ನಮ್ಮ ಮನೆಯ ಪಕ್ಕದ ಪಾಲಿನಲ್ಲೇ ಅವರ ಸಂಸಾರ. ಕೆಟ್ಟ ಮನುಷ್ಯರಲ್ಲ. ದವಾಖಾನೆಗೆ ದಿನಾ ಓಡಾಡಿದವರು ಅವರೇ. ಆದರೆ ಮನೆಯ ಎಲ್ಲ ವಿಷಯಕ್ಕೂ ಕೊನೆಯ ಮಾತು ತಮ್ಮದೇ ಎಂದು ಮೊದಲಿನಿಂದ ಒಪ್ಪಿಗೆಯಾದ ಹಾಗೆ ಮಾತಾಡುತ್ತಿದ್ದರು.

"ಇನ್ನ ಗ್ಯಾರೇಜ್ ಬಂದ್ ಮಾಡೂದ ಚೊಲೊ. ಅಷ್ಟು ದೊಡ್ಡ ಹಾಲ್ ಐತಿ. ಹತ್ತಿ ಗೋಡೌನಿಗೆ ಕೊಟ್ರ ಕುಂತಲ್ಲೆ ಉಣಬಹುದು" ಎಂದರು.

ಗಂಡ ಗೋಡೆಯ ಕಡೆ ಮುಖ ತಿರುಗಿಸಿದರು. ಹದಿನೆಂಟರ ಹುಡುಗನಾಗಿದ್ದಾಗಿನಿಂದ ಬೋಲ್ಟು ಬಿಚ್ಚುವ ಪಾನಾ ಹಿಡಿದವರು ಅವರು. ಆ ಮುಖ ತಿರುಗಿದ್ದನ್ನು ನೋಡಿದಾಗ ನನಗೆ ಎಲ್ಲಿಂದಲೋ ಸಿಟ್ಟು ಬಂತು.

"ಬಂದ್ ಮಾಡಂಗಿಲ್ರಿ ಭಾವಾರ. ನಾ ನೋಡ್ಕೋತೇನಿ."

"ನೀ? ಗ್ಯಾರೇಜ್?"

"ಹೂಂನ್ರಿ."

ನಾನು ಕಿತ್ತೂರಿನ ಮಗಳು, ಪಿಯುಸಿ ಮುಗಿಸಿ ಮದುವೆಯಾಗಿ ಬಂದವಳು. ಸಾಮಾನು ತರಿಸುವುದು, ಗಿರಾಕಿಗಳೊಂದಿಗೆ ಮಾತಾಡುವುದು ಮೊದಲಿನಿಂದಲೂ ನನ್ನ ಪಾಲಿಗಿತ್ತು. ಬೋಲ್ಟು ಬಿಚ್ಚುವ ಕೆಲಸಕ್ಕೆ ನಮ್ಮಲ್ಲಿ ನೇಸರಗಿಯ ಮಿಸ್ತ್ರಿಯೊಬ್ಬ ಬಹಳ ವರ್ಷಗಳಿಂದ ಇದ್ದ. ಅವನು ಬಿಟ್ಟು ಹೋಗಲಿಲ್ಲ. ಹಾಗಾಗಿ ಗ್ಯಾರೇಜು ನಿಲ್ಲಲಿಲ್ಲ. ಹತ್ತಿರದ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು, ಹುಣ್ಣಿಮೆ ಬಂದರೆ ಸವದತ್ತಿಯ ದೇವಿಯ ಗುಡ್ಡಕ್ಕೆ ಮಂದಿ ತುಂಬಿಕೊಂಡು ಹೋಗುವ ಜೀಪುಗಳು. ಕೆಲಸಕ್ಕೆ ಕೊರತೆ ಇರಲಿಲ್ಲ.

ಆದರೆ ನಾನು ದಿನಾ ಆ ನೆಲ ನೋಡಬೇಕಿತ್ತು. ಮಾವನವರ ಕಾಲದಲ್ಲಿ ಹಾಕಿದ ಸಿಮೆಂಟು. ಗೌಂಡಿ ಕರಣೆಯಿಂದ ತಿಕ್ಕಿ ತಿಕ್ಕಿ ಗಾಜಿನ ಹಾಗೆ ನುಣುಪು ಮಾಡಿದ್ದ. ಅದರ ಮೇಲೆ ವರ್ಷಗಟ್ಟಲೆ ಎಣ್ಣೆ ಕುಡಿದು ಕಪ್ಪಾಗಿತ್ತು. ಕಟ್ಟಿಗೆ ಹೊಟ್ಟು ಹರವುತ್ತಿದ್ದೆವು, ಗುಡಿಸುತ್ತಿದ್ದೆವು, ಮರುದಿನ ಮತ್ತೆ ಅದೇ. ಗಂಡ ಕೋಲು ಊರಿಕೊಂಡು ಬಾಗಿಲ ತನಕ ಬರುತ್ತಿದ್ದರು. ಅಲ್ಲಿಂದ ಒಳಗೆ ಹೆಜ್ಜೆ ಇಡುತ್ತಿರಲಿಲ್ಲ. ಹೊಸ್ತಿಲಲ್ಲಿ ನಿಂತು ಎಂಜಿನ್ನಿನ ಸದ್ದು ಕೇಳಿ, "ಟ್ಯಾಪೆಟ್ ಸಡ್ಲ ಐತಿ" ಎಂದು ಹೇಳಿ ವಾಪಸಾಗುತ್ತಿದ್ದರು. ಆ ನೆಲಕ್ಕೆ ಅವರು ಹೆದರಿದ್ದರು. ಬಾಯಿಬಿಟ್ಟು ಹೇಳಿದವರಲ್ಲ, ನಾನೂ ಕೇಳಿದವಳಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಬಿಡಿಭಾಗ ತರಲು ಹುಬ್ಬಳ್ಳಿಗೆ ಹೋದಾಗ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಎಪಾಕ್ಸಿ ಎಂಬ ಗಟ್ಟಿ ಅಂಟುಬಣ್ಣ ಬಳಿದ ನೆಲ ನೋಡಿದೆ. ಬೂದು ಬಣ್ಣ, ಎಲ್ಲೂ ಜೋಡಣೆಯಿಲ್ಲ, ಎಣ್ಣೆ ಬಿದ್ದರೆ ಬಟ್ಟೆಯಿಂದ ಒರೆಸಿದರೆ ಮುಗಿಯಿತು. ಅಲ್ಲಿಯೇ ವಿಚಾರಿಸಿ, ಆ ಕೆಲಸ ಮಾಡುವ ಒಬ್ಬ ಕಂತ್ರಾಟುದಾರನನ್ನು ಹಿಡಿದೆ. ಬಿಳಿ ಬೂಟು ಹಾಕಿಕೊಂಡ, ನಗುಮುಖದ ಮನುಷ್ಯ. ಊರಿಗೆ ಬಂದು ಗ್ಯಾರೇಜು ನೋಡಿ, "ಏನೂ ಕಾಳಜಿ ಮಾಡಬ್ಯಾಡ್ರಿ ಅಕ್ಕಾರ. ಕನ್ನಡಿ ಮಾಡಿ ಕೊಡತೇನಿ" ಎಂದ.

ಕನ್ನಡಿಯನ್ನೇ ಮಾಡಿಕೊಟ್ಟ. ಅದು ಶ್ರಾವಣ, ಹೊರಗೆ ಜಿಟಿಜಿಟಿ ಮಳೆ. ಅವನ ಆಳುಗಳು ಸೋಪಿನ ಪುಡಿ ಹಾಕಿ ನೆಲ ತಿಕ್ಕಿ ತೊಳೆದರು, ಫ್ಯಾನು ಹಚ್ಚಿ ಒಣಗಿಸಿದರು, ರೋಲರ್ ಎಳೆದು ಬಳಿದು ಹೋದರು. ಮರುದಿನ ಶಟರ್ ಎತ್ತಿದರೆ ಮೇಲಿನ ತಗಡಿನ ಚಾವಣಿ ನೆಲದಲ್ಲಿ ಕಾಣುತ್ತಿತ್ತು. ಓಣಿಯ ಮಂದಿ ಚಪ್ಪಲಿ ಬಿಟ್ಟು ಒಳಗೆ ಬಂದು ನೋಡಿದರು. ಭಾವ ಕೂಡ ಬಂದರು. "ಗ್ಯಾರೇಜಿಗೆ ಇಂಥಾದ್ಯಾಕ ಬೇಕಿತ್ತು?" ಎಂದು ಕೇಳಿದರು.

ಆ ಕನ್ನಡಿ ಬಹಳ ದಿನ ಬಾಳಲಿಲ್ಲ. ಮೊದಲು ಜಾರಿದ್ದು ಮಿಸ್ತ್ರಿ. ನಾಲ್ಕು ಹನಿ ಎಣ್ಣೆ ಬಿದ್ದಿತ್ತು, ಅವನ ಕಾಲು ಸರ್ರನೆ ಹೋಯಿತು. ಬೆಂಚು ಹಿಡಿದುಕೊಂಡದ್ದಕ್ಕೆ ಉಳಿದ. "ಅಕ್ಕಾರ, ಹಳೇದ ಇದಕ್ಕಿಂತ ಚೊಲೊ ಇತ್ತು" ಎಂದ. ನಾನು ನಡೆದಾಡುವ ಕಡೆಯೆಲ್ಲ ಗೋಣಿಚೀಲ ಹಾಸಿದೆ. ಆಮೇಲೆ ಗುಡ್ಡದಿಂದ ವಾಪಸಾದ ಜೀಪೊಂದು ಬಂದು ನಿಂತಿತು. ಟಾಯರು ಕಾದಿದ್ದವು. ಮರುದಿನ ಅದನ್ನು ಹೊರಗೆ ತೆಗೆದರೆ ಟಾಯರಿಗೆ ಅಂಟಿಕೊಂಡು ಅಂಗೈ ಅಗಲದ ಬಣ್ಣ ಎದ್ದು ಬಂತು. ಹಿಂದಿನ ಗೋಡೆಯ ಪಕ್ಕದಲ್ಲಿ ಗುಳ್ಳೆಗಳೆದ್ದವು, ಸುಟ್ಟ ಚರ್ಮದ ಮೇಲೆ ಏಳುವಂಥವು. ಒಂದನ್ನು ಸೂಜಿಯಿಂದ ಚುಚ್ಚಿದೆ, ನೀರು ಬಂತು. ಎಂಜಿನ್ ಇಳಿಸುವ ಬೆಂಚಿನ ಕೆಳಗಂತೂ ಉಗುರು ಹಾಕಿ ಎಳೆದರೆ ಹಪ್ಪಳದ ಹಾಗೆ ಇಡಿಯಾಗಿ ಕಿತ್ತು ಬರುತ್ತಿತ್ತು.

ದೀಪಾವಳಿಯ ಹೊತ್ತಿಗೆ ನನ್ನ ಗ್ಯಾರೇಜು ಇಡೀ ಪೇಟೆಗೆ ನಗೆಯಾಗಿತ್ತು. ಕಿರಾಣಿ ಅಂಗಡಿಯಲ್ಲಿ ನಿಂತರೆ ಹಿಂದಿನಿಂದ ಯಾರಾದರೂ, "ನೆಲಕ್ಕ ಸೀರಿ ಉಡಸಾಕ ಹೋಗಿದ್ಲಂತ" ಎನ್ನುವುದು ಕೇಳಿಸುತ್ತಿತ್ತು. ನಾನು ತಿರುಗಿ ಅವರ ಮುಖವನ್ನೇ ನೋಡುತ್ತಿದ್ದೆ. ಮಾತು ಅಲ್ಲಿಗೆ ನಿಲ್ಲುತ್ತಿತ್ತು.

ಕಂತ್ರಾಟುದಾರನಿಗೆ ಫೋನು ಮಾಡಿ ಮಾಡಿ ಬೇಸತ್ತು, ಕೊನೆಗೆ ಹುಬ್ಬಳ್ಳಿಯ ಬಸ್ಸು ಹತ್ತಿ ಅವನ ಅಂಗಡಿಯಲ್ಲೇ ಹೋಗಿ ಕುಳಿತೆ. ಗಿರಾಕಿಗಳ ಎದುರಿಗೆ ನಾನು ಏಳಲೊಲ್ಲೆ ಎಂದ ಮೇಲೆ ಅವನು ಬಂದ. ಗ್ಯಾರೇಜಿನ ನಡುವೆ ನಿಂತು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದ.

"ಅಕ್ಕಾರ, ಇದು ನಮ್ಮ ತಪ್ಪಲ್ರಿ. ನಿಮ್ಮ ನೆಲಾನ ಅಂಥಾದ್ ಐತಿ."

"ನೆಲ ಅಂಥಾದ್ ಐತಿ ಅಂತ ಹಾಕೂ ಮುಂದ ಯಾಕ ಹೇಳಲಿಲ್ಲ?"

"ಇದು ಶೋರೂಮಿಗೆ, ದವಾಖಾನಿಗೆ ಹಾಕೂದ್ರಿ. ಮತ್ತ ಹೆಣ್ಣಮಕ್ಕಳು ಗ್ಯಾರೇಜ್ ನೋಡ್ಕೊಂತ ಕುಂತ್ರ, ಹ್ಯಾಂಗ್ ವಾಪರಸಬೇಕು ಅನ್ನೂದು…"

ಮಾತು ಮುಗಿಸಲು ನಾನು ಬಿಡಲಿಲ್ಲ. ಕೆರೆಯುವ ಪಟ್ಟಿ ಅವನ ಕೈಗೆ ಕೊಟ್ಟು ಮೂಲೆಗೆ ಕರೆದುಕೊಂಡು ಹೋದೆ. ಅಲ್ಲಿ ಹಿಂದೆ, ಕಬ್ಬಿಣದ ಸಾಮಾನು ಬಿಗಿಹಿಡಿಯುವ ವೈಸ್ ಕೂಡಿಸಿದ ಒಂದು ಕಟ್ಟೆ ಇತ್ತು. ಅದನ್ನು ಒಡೆದು ತೆಗೆದ ಮೇಲೆ ನೆಲ ಉರುಟುರುಟಾಗಿಯೇ ಉಳಿದಿತ್ತು. ಇವನ ಆಳುಗಳು ಅದರ ಮೇಲೆ ಹಾಗೆಯೇ ಬಳಿದಿದ್ದರು. ನಾನು ಅದನ್ನು ಒಂದು ವಾರದಿಂದ ಗಮನಿಸುತ್ತಿದ್ದೆ. ಇಡೀ ನೆಲ ಎದ್ದು ಬರುತ್ತಿದ್ದರೂ ಆ ಒಂದು ಮೊಳದ ಜಾಗ ಮಾತ್ರ ಅಲುಗಿರಲಿಲ್ಲ.

"ಇಲ್ಲಿ ಕೆರೀರಿ ನೋಡೂಣು."

ಅವನು ಕೆರೆದ. ಬರಲಿಲ್ಲ. ಬಗ್ಗಿ ಜೋರು ಹಾಕಿದ. ಪಟ್ಟಿ ಬಾಗಿತು.

"ಅದ ನೆಲ, ಅದ ಹೆಣ್ಣಮಗಳು. ಇಲ್ಲಿ ಹ್ಯಾಂಗ ನಿಂತೈತಿ?" ಎಂದು ಕೇಳಿದೆ.

ಅವನು ಪಟ್ಟಿ ಕೆಳಗಿಟ್ಟು, ದನಿ ಇಳಿಸಿ ಹೇಳಿದ: "ಮಷಿನ್ ಹಚ್ಚಿ ನೆಲ ಕೆರೀಬೇಕಿತ್ರಿ. ಮಳಿಗಾಲದಾಗ ಹಾಕಬಾರದಿತ್ತು. ನಂದೂ ಅವಸರ ಆತು." ಆಮೇಲೆ, ಆಳುಗಳನ್ನು ಮತ್ತೆ ಕಳಿಸಲಿಕ್ಕೆ ಆಗುವುದಿಲ್ಲ, ಬೇಕಾದರೆ ಬಳಿಯುವ ಮಾಲು ಕೊಡುತ್ತೇನೆ ಎಂದ.

"ಮಾಲು ಕೊಡ್ರಿ. ಮಂದಿ ನಾವ ಅದೇವಿ" ಎಂದೆ.

ಅಂದದ್ದೇನೋ ಅಂದುಬಿಟ್ಟೆ. ಹೊಸ ನೆಲ ಹಾಕುವುದಿರಲಿ, ಹಾಳಾದದ್ದನ್ನು ಕಿತ್ತು ತೆಗೆಯುವುದೇ ಎಷ್ಟು ದೊಡ್ಡ ಕೆಲಸವೆಂದು ನನಗೆ ಗೊತ್ತಿರಲಿಲ್ಲ. ಗಾಡಿಗಳನ್ನು ಹೊರಗೆ ತಾಡಪತ್ರಿಯ ಕೆಳಗೆ ನಿಲ್ಲಿಸಿ ಕೆಲಸ ನಡೆಸಿದೆವು. ಒಳಗೆ ನಾನೂ ಮಿಸ್ತ್ರಿಯೂ ಬಿಡುವಾದಾಗಲೆಲ್ಲ ಕೂತು ಕೆರೆದೆವು. ಕಿತ್ತು ಬಂದ ಚಕ್ಕೆಗಳ ಬೆನ್ನು ನೋಡಿದರೆ ನುಣ್ಣಗೆ ಹೊಳೆಯುತ್ತಿತ್ತು, ಒಂದು ಕಣ ಸಿಮೆಂಟೂ ಅಂಟಿರಲಿಲ್ಲ. ಬಳಿದದ್ದು ನೆಲವನ್ನು ಹಿಡಿದುಕೊಂಡೇ ಇರಲಿಲ್ಲ, ಸುಮ್ಮನೆ ಮೇಲೆ ಮಲಗಿತ್ತು.

ನೀರಿನ ವಿಷಯ ತಿಳಿಯಲು ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಬರಿದಾದ ನೆಲದ ಮೇಲೆ ಅಲ್ಲಲ್ಲಿ ಹಾಸಿ ಸುತ್ತಲೂ ಟೇಪು ಅಂಟಿಸಿದೆ. ಮರುದಿನ ನೋಡಿದರೆ ರಸ್ತೆಯ ಕಡೆಯ ಹಾಳೆಗಳು ಒಣಗಿದ್ದವು. ಹಿಂದಿನ ಗೋಡೆಯ ಕಡೆಯ ಹಾಳೆಗಳ ಒಳಮೈಗೆ ಹನಿಗಳು ಕೂತಿದ್ದವು, ಅನ್ನದ ಪಾತ್ರೆಯ ಮುಚ್ಚಳದ ಹಾಗೆ. ನಮ್ಮದು ಎರೆಮಣ್ಣಿನ ನೆಲ, ನೀರು ಕುಡಿದರೆ ಬಿಟ್ಟುಕೊಡುವುದಿಲ್ಲ. ಗೋಡೆಯ ಆಚೆ ಹೋಗಿ ನೋಡಿದೆ. ಭಾವನ ಮನೆಯ ಬಚ್ಚಲ ನೀರು, ಪಾತ್ರೆ ತೊಳೆದ ನೀರು ಎಲ್ಲ ಒಂದು ಮಣ್ಣಿನ ಗಟಾರದಲ್ಲಿ ನಮ್ಮ ಗೋಡೆಗೆ ಆತುಕೊಂಡೇ ಹರಿಯುತ್ತಿತ್ತು. ಹರಿಯುವುದು ಕಡಿಮೆ, ನಿಲ್ಲುವುದೇ ಹೆಚ್ಚು.

ಭಾವನ ಹತ್ತಿರ ಹೋದೆ. ಗಟಾರವನ್ನು ಗೋಡೆಯಿಂದ ದೂರ ತಿರುಗಿಸೋಣ, ಕೆಲಸ ನಾವೇ ಮಾಡುತ್ತೇವೆ ಎಂದೆ.

"ನಿನ್ನ ಗ್ಯಾರೇಜಿನ ನೆಲದ ಸಲುವಾಗಿ ನನ್ನ ಬಚ್ಚಲ ಬದಲಿ ಮಾಡಬೇಕೇನು? ಅಪ್ಪ ಇದ್ದಾಗಿಂದ ಅದು ಅಲ್ಲೇ ಹರದೈತಿ."

"ಅಪ್ಪಾರ ಇದ್ದಾಗಿಂದ ಗ್ವಾಡಿನೂ ನೆನದೈತ್ರಿ. ಬರ್ರಿ, ತೋರಸ್ತೇನಿ."

"ನೋಡವಾ, ನೀ ಭಾಳ ಹಟಾ ಮಾಡಾಕ ಹತ್ತಿ. ಗಂಡನ ಕಾಲು ಹೋತು, ರೊಕ್ಕಾ ಹಾಳಾತು, ಮಂದಿ ನಗಾಕ ಹತ್ಯಾರ. ಇನ್ನೂ ಎಷ್ಟ್ ದಿನ ಇದು?"

"ನಮ್ಮವರು ಆ ನೆಲದ ಮ್ಯಾಲ ನಡೆಯೂ ತನಕ" ಎಂದೆ.

ಅವರು ಎದ್ದು ಒಳಗೆ ಹೋದರು. ಹೌದು ಎನ್ನಲಿಲ್ಲ, ಬೇಡವೆಂದೂ ಹೇಳಲಿಲ್ಲ. ಅಪ್ಪಣೆಗೆ ಕಾಯುತ್ತ ಕೂತರೆ ಆ ಜನ್ಮಕ್ಕೆ ಆಗುವ ಕೆಲಸವಲ್ಲವೆಂದು ನನಗೆ ತಿಳಿದಿತ್ತು. ಮರುದಿನ ಬೆಳಿಗ್ಗೆ ಗುದ್ದಲಿ ತೆಗೆದುಕೊಂಡು ಹಿತ್ತಲಿಗೆ ಇಳಿದೆ. ಆ ಜಾಗ ಇಬ್ಬರಿಗೂ ಸೇರಿದ್ದು, ನನ್ನನ್ನು ತಡೆಯುವ ಹಕ್ಕು ಯಾರಿಗೂ ಇರಲಿಲ್ಲ. ಮಿಸ್ತ್ರಿ ಸಲಿಕೆ ಹಿಡಿದ. ಭಾವ ಕಟ್ಟೆಯ ಮೇಲೆ ಕುಳಿತು ಪೇಪರು ಓದುತ್ತ ನಮ್ಮನ್ನು ನೋಡುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಅವರ ಎದುರಿಗೆ ತಲೆಯ ಮೇಲಿನ ಸೆರಗು ಸರಿದಿರಲಿಲ್ಲ. ಅವತ್ತು ಸೆರಗನ್ನು ಸೊಂಟಕ್ಕೆ ಬಿಗಿದು ಅಗೆದೆ. ಅಂಗೈಯಲ್ಲಿ ಗುಳ್ಳೆ ಬಂದವು, ಒಡೆದವು. ನಿಲ್ಲಿಸಲಿಲ್ಲ.

ಭಾವನ ಹೆಂಡತಿ, ನನ್ನ ಹಿರಿಯ ನೆಗೆಣ್ಣಿ, ಮಿತಭಾಷಿ. ಅವರು ಬಾಗಿಲಿಗೆ ಬಂದು ನಿಂತು ನೋಡಿದರು. ಸ್ವಲ್ಪ ಹೊತ್ತಿಗೆ ಮುಸುರೆಯ ಬುಟ್ಟಿ ಎತ್ತಿಕೊಂಡು ಹೊರಬಂದು ಮನೆಯ ಇನ್ನೊಂದು ಮಗ್ಗುಲಿಗೆ ಹೋಗಿ ಪಾತ್ರೆ ತೊಳೆಯಲು ಕುಳಿತರು. ಭಾವ ಪೇಪರಿನಿಂದ ತಲೆಯೆತ್ತಿ, "ಅಲ್ಲ್ಯಾಕ ಕುಂತಿ?" ಎಂದು ಕೇಳಿದರು. "ಇಲ್ಲೆ ಬಿಸಲ ಐತಿ" ಎಂದರು ನೆಗೆಣ್ಣಿ. ಅಷ್ಟೇ ಮಾತು. ಹೊಸ ಗಟಾರಕ್ಕೆ ಪೈಪು ಹಾಕಿ ಮುಚ್ಚುವ ತನಕ ಅವರು ಈ ಕಡೆ ಒಂದು ತಂಬಿಗೆ ನೀರನ್ನೂ ಚೆಲ್ಲಲಿಲ್ಲ.

ಮುಂದಿನ ತೊಂದರೆ ಎಣ್ಣೆಯದು. ಮೇಲೆ ತಿಕ್ಕಿ ತೊಳೆದರೆ ನೆಲ ಬೆಳ್ಳಗೆ ಕಾಣುತ್ತಿತ್ತು. ಆದರೆ ನೀರಿನ ಹನಿ ಹಾಕಿದರೆ ಕೆಲವು ಕಡೆ ನೆಲ ತಕ್ಷಣ ಹೀರಿಕೊಳ್ಳುತ್ತಿತ್ತು, ಕೆಲವು ಕಡೆ ಹನಿ ಕೆಸುವಿನ ಎಲೆಯ ಮೇಲಿನ ಹಾಗೆ ಗುಂಡಗೆ ನಿಲ್ಲುತ್ತಿತ್ತು. ಹನಿ ನಿಂತ ಕಡೆಯೆಲ್ಲ ಸುಣ್ಣದಿಂದ ಗೆರೆ ಎಳೆದೆ. ಎಂಜಿನ್ ಬೆಂಚಿನ ಕೆಳಗಿನ ಜಾಗ ಪೂರ್ತಿ ಗೆರೆಯೊಳಗೆ ಬಂತು. ಇಷ್ಟು ವರ್ಷದ ಎಣ್ಣೆ ಆಳಕ್ಕೆ ಇಳಿದುಬಿಟ್ಟಿತ್ತು. ಯಾವ ಸೋಪಿಗೂ ಅದು ಹೊರಗೆ ಬರುವಂತಿರಲಿಲ್ಲ. ಆ ಜಾಗಗಳನ್ನು ಒಡೆಸಿ ತೆಗೆಸಿ, ಹೊಸ ಕಾಂಕ್ರೀಟು ಹಾಕಿಸಿದೆ. ಅದು ಒಳಗಿನ ತನಕ ಒಣಗಲು ಬೇಸಿಗೆಯವರೆಗೆ ಕಾಯಬೇಕಾಯಿತು. ಕಾದೆ. ಈ ನಡುವೆ ಯರಗಟ್ಟಿಯ ಹಳೆಯ ಗಿರಾಕಿಗಳು ಬೇರೆ ಗ್ಯಾರೇಜಿಗೆ ಹೋದರು. ಹೋಗಲಿ ಎಂದೆ. ಹೋದವರಲ್ಲಿ ಕೆಲವರು ಮರಳಿ ಬರಲೇ ಇಲ್ಲ.

ಬಿಸಿಲು ಬಲಿತ ಮೇಲೆ ಮೊಸಾಯಿಕ್ ನೆಲ ತಿಕ್ಕುವ ಮಷಿನನ್ನು ಬೆಳಗಾವಿಯಿಂದ ಬಾಡಿಗೆಗೆ ತರಿಸಿ, ಒರಟು ಕಲ್ಲು ಹಾಕಿಸಿ ಇಡೀ ನೆಲ ಕೆರೆಸಿದೆ. ಗೌಂಡಿ ಮಾಡಿದ್ದ ಆ ಗಾಜಿನ ನುಣುಪು ಹೋಯಿತು. ಅಂಗೈ ಆಡಿಸಿದರೆ ಒರಟು ಕಾಗದದ ಹಾಗೆ ತರಚುತ್ತಿತ್ತು. ಮನೆಯ ಪಾತ್ರೆಪಗಡಗಳ ಮೇಲೆಲ್ಲ ಧೂಳು. ಮಿಸ್ತ್ರಿ ಕಂಪ್ರೆಸರಿನ ಪೈಪು ಹಿಡಿದು ಧೂಳು ಊದಲು ಹೊರಟ. ಆಗ ಹೊಸ್ತಿಲ ಕಡೆಯಿಂದ ಗಂಡನ ದನಿ ಬಂತು:

"ಏ ಬ್ಯಾಡ! ಆ ಗಾಳ್ಯಾಗ ಎಣ್ಣಿ ಬರತೈತಿ."

ನಾವಿಬ್ಬರೂ ತಿರುಗಿ ನೋಡಿದೆವು. ಅವರು ಹೇಳಿದ್ದು ನಿಜ. ಹಳೆಯ ಕಂಪ್ರೆಸರು ಗಾಳಿಯ ಜೊತೆ ಎಣ್ಣೆಯ ತುಂತುರು ಉಗುಳುತ್ತಿತ್ತು. ಗಾಡಿಗೆ ಬಣ್ಣ ಹೊಡೆಯುವಾಗ ಅವರು ಎಷ್ಟೋ ಸಲ ಅದರಿಂದ ಕಷ್ಟಪಟ್ಟಿದ್ದರು. ಪೊರಕೆಯಿಂದ ಗುಡಿಸಿ, ಥಿನ್ನರ್ ಹಾಕಿದ ಬಟ್ಟೆಯಿಂದ ಒರೆಸಿದೆವು. ಅಷ್ಟು ತಿಂಗಳಲ್ಲಿ ಅವರು ಆ ಕೆಲಸದ ಬಗ್ಗೆ ಬಾಯಿ ತೆರೆದದ್ದು ಅದೇ ಮೊದಲು.

ಮೊದಲು ಒಂದು ಮೂಲೆಯಲ್ಲಿ ಮಾತ್ರ ಬಳಿದು, ವಾರ ಬಿಟ್ಟು ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದೆ. ಎದ್ದ ಚಕ್ಕೆಯ ಬೆನ್ನಿಗೆ ಸಿಮೆಂಟು ಅಂಟಿಕೊಂಡೇ ಬಂದಿತ್ತು. ಅದನ್ನು ಗಂಡನ ಕೈಗೆ ಕೊಟ್ಟೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿ, "ಹಿಡಿದೈತಿ" ಎಂದರು.

ನಿಜವಾದ ಕೆಲಸದ ದಿನ ನಾನೇ ಎಡವಟ್ಟು ಮಾಡಿದೆ. ಎಪಾಕ್ಸಿ ಬರುವುದು ಎರಡು ಡಬ್ಬಿಗಳಲ್ಲಿ. ಒಂದರಲ್ಲಿ ಅಂಟು, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡ್ನರ್. ಎರಡೂ ಕೂಡಿದ ಮೇಲೆ ಅದು ಯಾರಿಗೂ ಕಾಯುವುದಿಲ್ಲ. ನಾನು ಬೇಗ ಮುಗಿಸೋಣವೆಂದು, ಕಂತ್ರಾಟುದಾರ ಕೊಟ್ಟಿದ್ದ ಜೋಡಿ ಡಬ್ಬಿಗಳಲ್ಲಿ ಒಂದು ಜೋಡಿಯನ್ನು ಇಡಿಯಾಗಿ ಬಕೀಟಿಗೆ ಸುರಿದು ಕಲಸಿದೆ. ಹೊರಗೆ ಏಪ್ರಿಲ್ ತಿಂಗಳ ಬಿಸಿಲು. ನಾಲ್ಕು ಮಾರು ಬಳಿಯುವುದರೊಳಗೆ ಬಕೀಟು ಬಿಸಿಯಾಯಿತು, ಹೊಗೆಯಾಡಿತು, ಕಲಸುವ ಕೋಲು ಅದರಲ್ಲೇ ಕಲ್ಲಿನಲ್ಲಿ ನೆಟ್ಟಂತೆ ನಿಂತಿತು. ನನಗೆ ಅಳು ಬಂತು. ಅಳಲಿಲ್ಲ. ಅಳುವಷ್ಟು ಪುರುಸೊತ್ತು ಇರಲಿಲ್ಲ.

ಗಂಡ ಹೊಸ್ತಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದರು. ಆಮೇಲೆ ಮಿಸ್ತ್ರಿಗೆ, "ನನ್ನ ಕುರ್ಚಿ ಇಲ್ಲಿ ತಾ" ಎಂದರು. ಶಟರಿನ ಹೊರಗೆ, ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು.

"ಗಾಡಿ ತಗ್ಗಿಗೆ ಮೆತ್ತೂ ಪುಟ್ಟಿ ಕಲಸಿ ಕಲಸಿ ಕೈ ಸವದಾವು ನಂದು. ಇದೂ ಅದರ ಅಣ್ಣತಮ್ಮ. ಸ್ವಲ್ಪ ಸ್ವಲ್ಪ ಕಲಸಬೇಕು. ಇವತ್ತು ಸಾಕು, ನಾಳೆ ಮುಂಜಾನೆ ಬಿಸಲ ಏರೂದ್ರೊಳಗ ಸುರು ಮಾಡೂಣು. ನಾ ಕಲಸಿ ಕೊಡತೇನಿ, ನೀವು ಬಳೀರಿ."

ಮರುದಿನ ಹಾಗೆಯೇ ಮಾಡಿದೆವು. ಅವರು ಅಗಲವಾದ ತಟ್ಟೆಯಲ್ಲಿ ಎರಡನ್ನೂ ಅಳತೆ ಮಾಡಿ ಹಾಕಿ, ಅಂಚು ತಳ ಕೆರೆದು ಕೆರೆದು ಕಲಸುವರು. "ಅಂಚಿಗೆ ಕಲಸಲಾರದ ಉಳದದ್ದು ಗಟ್ಟಿ ಆಗಂಗಿಲ್ಲ, ಅಲ್ಲೇ ಅಂಟಂಟ ಉಳಿತೈತಿ" ಎನ್ನುವರು. ನಾವು ಹಿಂದಿನಿಂದ ಶಟರಿನ ಕಡೆಗೆ ಬಳಿಯುತ್ತ ಬಂದೆವು. ಜಾರಬಾರದೆಂಬುದು ನನಗೆ ಹೊಳಪಿಗಿಂತ ದೊಡ್ಡದಾಗಿತ್ತು. ಅದಕ್ಕೆ ಎಂ.ಕೆ. ಹುಬ್ಬಳ್ಳಿಯ ಕಡೆಯಿಂದ ಮಲಪ್ರಭೆಯ ಉಸುಕು ತರಿಸಿ, ತೊಳೆದು, ಬಿಸಿಲಿಗೆ ಹಾಕಿ, ಹಿಟ್ಟಿನ ಜರಡಿಯಲ್ಲಿ ಹಿಡಿದು ಇಟ್ಟಿದ್ದೆ. ಹಸಿಯಿದ್ದ ಬಣ್ಣದ ಮೇಲೆ ಅದನ್ನು ಉದುರಿಸಿದೆ. ಗಟ್ಟಿಯಾದ ಮೇಲೆ ಅಂಟದೆ ಉಳಿದ ಉಸುಕು ಗುಡಿಸಿ, ಮೇಲೆ ಇನ್ನೊಂದು ಪದರ ಬಳಿದೆವು. ಕನ್ನಡಿಯಾಗಲಿಲ್ಲ. ಚಾವಣಿಯೂ ಕಾಣಲಿಲ್ಲ, ಮುಖವೂ ಕಾಣಲಿಲ್ಲ. ನನಗೆ ಅದು ಬೇಕಾಗಿಯೂ ಇರಲಿಲ್ಲ.

ಹಿಂದಿನ ಗೋಡೆಯ ಪಕ್ಕ ಒಂದು ಪಟ್ಟಿಯನ್ನು ಬಳಿಯದೆ ಬಿಟ್ಟೆ. ಗಟಾರ ತಿರುಗಿಸಿದ ಮೇಲೂ ಅಲ್ಲಿ ಹಾಸಿದ ಪ್ಲಾಸ್ಟಿಕ್ಕಿನ ಅಡಿ ಸಣ್ಣಗೆ ತೇವ ಕಾಣುತ್ತಿತ್ತು. ಮುಚ್ಚಿದರೆ ಮತ್ತೆ ಗುಳ್ಳೆ ಏಳುತ್ತದೆ. ನೋಡಿದವರೆಲ್ಲ, "ಅಷ್ಟ್ಯಾಕ ಬಿಟ್ಟೀರಿ? ಮಾಲು ಸಾಲಲಿಲ್ಲೇನು?" ಎಂದು ಕೇಳುವರು. "ನಾನ ಬಿಟ್ಟೇನಿ" ಎನ್ನುತ್ತಿದ್ದೆ.

ಬಳಿದು ಮೂರನೆಯ ದಿನ ಸವದತ್ತಿಯ ಕಡೆಯ ಒಬ್ಬರು ದೊಡ್ಡ ಜೀಪು ತಂದು ಶಟರಿನ ಮುಂದೆ ಹಾರ್ನು ಹೊಡೆದರು. ಊರಲ್ಲಿ ಅವರ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ. ಕಾಲಿಟ್ಟರೆ ಅಂಟುವ ಕಾಲ ಮುಗಿದಿತ್ತು, ಆದರೆ ಗಾಡಿಯ ಭಾರಕ್ಕೆ, ಕಾದ ಟಾಯರಿಗೆ ಆ ನೆಲ ಇನ್ನೂ ಎಳೆಯದು.

"ಗಾಡಿ ಒಳಗ ತಗೋರಿ."

"ಇನ್ನ ವಾರ ಒಳಗ ಬಿಡಂಗಿಲ್ರಿ. ಇಲ್ಲೇ ನೆರಳಾಗ ನಿಲ್ಲಸ್ರಿ, ಇಲ್ಲೇ ಮಾಡಿ ಕೊಡತೇವಿ."

"ರಸ್ತಾದಾಗ ನನ್ನ ಗಾಡಿ ಬಿಚ್ಚತೀರೇನು? ನಾ ಯಾರು ಗೊತ್ತದ ಇಲ್ಲೋ?"

"ಗೊತ್ತೈತ್ರಿ. ನೆಲಕ್ಕ ಗೊತ್ತಿಲ್ಲ."

ಅವರ ಡ್ರೈವರ್ ಗಾಡಿಯನ್ನು ಸ್ವಲ್ಪ ಮುಂದಕ್ಕೆ ಬಿಟ್ಟ. ನಾನು ಶಟರಿನ ನಡುವೆ ನಿಂತೆ. ಬಾನೆಟ್ಟು ನನ್ನ ಸೀರೆಗೆ ತಾಗುವಷ್ಟು ಹತ್ತಿರ ಬಂದು ನಿಂತಿತು. ಅದರ ಕಾವು ಮೈಗೆ ಬಡಿಯುತ್ತಿತ್ತು. ನಾನು ಸರಿಯಲಿಲ್ಲ. ಹೊರಗೆ ಗೋಡೆಯ ಬದಿಯಿಂದ ಕೋಲಿನ ಸದ್ದಾಯಿತು. ಗಂಡ ಬಂದು ನನ್ನ ಪಕ್ಕ ನಿಂತರು. ಜೀಪಿನವರು ನಮ್ಮಿಬ್ಬರನ್ನೂ ನೋಡಿ, ಏನೋ ಗೊಣಗಿ ಗಾಡಿ ತಿರುಗಿಸಿಕೊಂಡು ಹೋದರು. ಮತ್ತೆ ನಮ್ಮಲ್ಲಿಗೆ ಅವರು ಎಂದೂ ಬರಲಿಲ್ಲ.

ವಾರ ದಾಟಿದ ಮೇಲೆ, ಗಾಡಿ ಒಳಗೆ ಬಿಡುವ ಮುಂಜಾನೆ, ಗಂಡ ಹಳೆಯ ಎಂಜಿನ್ ಎಣ್ಣೆಯ ಡಬ್ಬಿ ತರಿಸಿದರು. ನಾನು ಏನು ಎತ್ತ ಎಂದು ಕೇಳುವುದರೊಳಗೆ ಹೊಸ್ತಿಲಲ್ಲೇ ನಿಂತು ಅದನ್ನು ಎದುರಿನ ನೆಲದ ಮೇಲೆ ಸುರಿದರು. ಕಪ್ಪು ಎಣ್ಣೆ ಹರಡಿತು.

"ಏನ್ ಮಾಡಾಕ ಹತ್ತೀರಿ?"

"ಸರಿ ಆಕಡೆ."

ಅವರು ಹೊಸ್ತಿಲು ದಾಟಿದರು. ಕೋಲನ್ನು ಎಣ್ಣೆಯ ನಡುವೆ ಊರಿದರು, ಒಳ್ಳೆಯ ಕಾಲು ಇಟ್ಟರು, ಆಮೇಲೆ ಕೆಟ್ಟ ಕಾಲು. ನಾನು ಹಿಡಿಯಲು ಕೈ ಚಾಚಿದೆ. ಗದರಿದರು: "ಮುಟ್ಟಬ್ಯಾಡ." ಎಣ್ಣೆಯ ಮೇಲೆ ನಡೆದು ಆಚೆ ದಾಟಿ, ತಿರುಗಿ, ಮತ್ತೆ ಅದರ ಮೇಲೆಯೇ ನಡೆದು ಬಂದರು. ಎಣ್ಣೆ ಬಿದ್ದ ನೆಲ ಜಾರುವುದಿಲ್ಲವೆಂದು ನಾನು ಯಾರಿಗೂ ಹೇಳುವುದಿಲ್ಲ. ಸ್ವಲ್ಪ ಜಾರಿತು, ಅವರ ಕೋಲು ಒಮ್ಮೆ ಸರಿಯಿತು. ಆದರೆ ಉಸುಕು ಹಿಡಿಯಿತು. ಅವರ ಹಣೆ ಬೆವರಿತ್ತು.

"ಒರಸ್ರಿ ಇನ್ನ. ಕೆಲಸ ಸುರು ಮಾಡ್ರಿ" ಎಂದರು.

ಅಂದಿನಿಂದ ಅವರು ಒಳಗೆ ಕುರ್ಚಿ ಹಾಕಿಕೊಂಡು ಕುಳಿತು ಡೈನಮೋ, ಸ್ಟಾರ್ಟರು, ಕಾರ್ಬೊರೇಟರು ಬಿಚ್ಚತೊಡಗಿದರು. ಭಾರ ಎತ್ತುವ ಕೆಲಸ ಮಿಸ್ತ್ರಿಯದು, ಕೂತು ಮಾಡುವ ಕೆಲಸ ಅವರದು, ಜಗಳವಾಡುವ ಕೆಲಸ ನನ್ನದು.

ಆ ನೆಲ ಹಾಳಾಗಲಿಲ್ಲ ಎಂದೇನೂ ಅಲ್ಲ. ಶಟರಿನ ಹತ್ತಿರ ಬಿಸಿಲು ಬೀಳುವ ಕಡೆ ಬೂದು ಬಣ್ಣ ಹಳದಿಗೆ ತಿರುಗಿತು. ಜ್ಯಾಕು ಬಿದ್ದು ಅಲ್ಲಲ್ಲಿ ಚೂರು ಹಾರಿತು. ಹಾರಿದ ದಿನವೇ ಆ ಜಾಗ ಕೆರೆದು, ಒರೆಸಿ, ಸ್ವಲ್ಪವೇ ಕಲಸಿ ತುಂಬುತ್ತಿದ್ದೆವು. ನಾಳೆ ಮಾಡೋಣ ಎಂದರೆ ಆ ತೂತಿನಿಂದ ಎಣ್ಣೆ ಅಡಿಗೆ ಇಳಿದು ಸುತ್ತಲಿನದನ್ನೂ ಎಬ್ಬಿಸುತ್ತದೆ. ರಾಮದುರ್ಗದಿಂದ ಒಬ್ಬ ಗ್ಯಾರೇಜಿನವನು ನೋಡಲು ಬಂದಿದ್ದ. ಹುಬ್ಬಳ್ಳಿಯ ಆ ಕಂತ್ರಾಟುದಾರನೇ ನಮ್ಮ ವಿಳಾಸ ಕೊಟ್ಟು ಕಳಿಸಿದ್ದನಂತೆ. ಮಳೆಗಾಲ ಮುಗಿಯಲಿ, ಮೊದಲು ನೆಲದ ತೇವ ನೋಡು, ಒರಟು ಮಾಡದೆ ಬಳಿಯಬೇಡ ಎಂದೆ. ಅವನಿಗೆ ಹಬ್ಬದೊಳಗೆ ಬೇಕಿತ್ತು. "ನೋಡೂಣ್ರಿ" ಎಂದು ಹೋದ. ಏನು ಮಾಡಿದನೋ ಗೊತ್ತಿಲ್ಲ.

ಕೆಲವು ವರ್ಷಗಳ ಮೇಲೆ ಭಾವ ಒಬ್ಬ ಹತ್ತಿ ವ್ಯಾಪಾರಿಯನ್ನು ಕರೆದುಕೊಂಡು ಬಂದರು. ಇಬ್ಬರೂ ಗ್ಯಾರೇಜಿನ ಒಳಗೆ ಒಂದು ಸುತ್ತು ಹಾಕಿದರು. ವ್ಯಾಪಾರಿ ಬಗ್ಗಿ ನೆಲ ಮುಟ್ಟಿ ನೋಡಿ ಮೆಚ್ಚಿದ. ಧೂಳಿಲ್ಲ, ತೇವವಿಲ್ಲ, ಹತ್ತಿಗೆ ಇಂಥ ನೆಲ ಈ ಭಾಗದಲ್ಲಿ ಎಲ್ಲೂ ಸಿಗುವುದಿಲ್ಲ ಎಂದ. ಭಾವ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. ಇಷ್ಟು ದಿನಕ್ಕೆ ನನಗೂ ತಮಗೂ ಒಪ್ಪಿಗೆಯಾಗುವ ದಾರಿ ಸಿಕ್ಕಿತೆಂದು ಅಂದುಕೊಂಡಿದ್ದರು.

"ಕೇಳಿದೇನವಾ? ನಿನ್ನ ಕಷ್ಟ ಹಾಳಾಗಲಿಲ್ಲ. ಗೋಡೌನಿಗೆ ಹೇಳಿ ಮಾಡಿಸಿದಂಗ ಆಗೇತಿ. ಇನ್ನರೆ ಕೊಟ್ಟ್ ಬಿಡು."

ನಾನು ಗಂಡನ ಕಡೆ ನೋಡಿದೆ. ಅವರು ಸ್ಟಾರ್ಟರಿನ ಬುಶ್ ತೆಗೆಯುತ್ತಿದ್ದರು, ತಲೆಯೆತ್ತಲಿಲ್ಲ. ಈ ಸಲ ಮುಖ ಗೋಡೆಯ ಕಡೆ ತಿರುಗಲೂ ಇಲ್ಲ.

"ಭಾವಾರ, ಚಾ ಕುಡದ್ ಹೋಗ್ರಿ. ಅವರಿಗೂ ಕುಡಸ್ರಿ. ಹತ್ತಿ ಬ್ಯಾರೆ ಕಡೆ ಇಡ್ರಿ" ಎಂದೆ.

ಹೊರಗೆ ಯಾರೋ ಹಾರ್ನು ಹೊಡೆದರು. ಕಬ್ಬಿನ ಟ್ರ್ಯಾಕ್ಟರೊಂದು ಕೆಸರು ಮೆತ್ತಿಕೊಂಡು ಶಟರಿನ ಮುಂದೆ ಬಂದು ನಿಂತಿತ್ತು. ಹತ್ತಿ ವ್ಯಾಪಾರಿ ತನ್ನ ಬಿಳಿ ಧೋತರ ಎತ್ತಿ ಹಿಡಿದು ಪಕ್ಕಕ್ಕೆ ಸರಿದ. ನಾನು ಕೈ ಬೀಸಿ, ಟ್ರ್ಯಾಕ್ಟರನ್ನು ಒಳಗೆ ಕರೆದೆ.